ಮೂರು ತಿಂಗಳು ನಿಲ್ಲುವ ಕಾರಿಗೆ ಮೇಂಟೆನೆನ್ಸ್ ಚಾರ್ಜರ್: ರಾಯಚೂರಿನ ಚಳಿಗಾಲಕ್ಕೆ ಯಾವ ಮೋಡ್?

ಕೆಎ36_ಸವಾರ, ರಾಯಚೂರು

ನಮಸ್ಕಾರ್ರೀ ಎಲ್ಲರಿಗೂ. ನವೆಂಬರ್ ಕೊನೆಗೆ ಮನಿಗೆ ಬೀಗ ಹಾಕಿ ಹೋದ್ರ ಮಾರ್ಚ್ ಮೊದಲ ವಾರಕ್ಕ ವಾಪಸ್ ಬರೋದು. ಅಲ್ಲಿ ತನಕ ಕಾರು ತಗಡಿನ ಶೆಡ್ಡಿನಾಗ ನಿಂತಿರ್ತದ. ಪೆಟ್ರೋಲ್ ಹ್ಯಾಚ್‌ಬ್ಯಾಕ್, 12 ವೋಲ್ಟ್ 35 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡೀತದ ಅನ್ನೋ ಅಳತಿ) ಬ್ಯಾಟರಿ, ನೀರು ಹಾಕೋ ಬಿರಡೆ ಇಲ್ಲದ ಸೀಲ್ಡ್ ಮಾದರಿ, ಎರಡು ವರ್ಷ ದಾಟ್ಯದ. ಸೆಂಟ್ರಲ್ ಲಾಕ್ ಕಂಪನಿದು. ಸ್ಟೀರಿಯೋ, ಜಿಪಿಎಸ್ ಟ್ರ್ಯಾಕರ್ ಹೊರಗ ಹಾಕಿಸಿದ್ದು.

4 ಆಂಪ್‌ದು ಒಂದು ಸ್ಮಾರ್ಟ್ ಚಾರ್ಜರ್ ತಗೊಂಡೀನಿ, ನಿಂತ ಗಾಡಿ ಬ್ಯಾಟರಿ ತುಂಬಿ ಹಂಗ ಹಿಡಿದಿಡೋ ಮೇಂಟೆನೆನ್ಸ್ ಚಾರ್ಜರ್. ಅದರ ಮ್ಯಾಲ ನಾಲ್ಕು ಗುರುತು ಅವ: ಬೈಕು, ಕಾರು, ಹಿಮದ ಹರಳು, ಪಾನಾ. ಚಳಿಗಾಲಕ್ಕ ಹಿಮದ ಗುರುತು ಒತ್ತಿ ಗಾಡಿ ಹೊರಗ ತೆಗೆಯೋ ತನಕ ಹಂಗ ಬಿಡ್ರಿ ಅನ್ನೋ ಅರ್ಥದಾಗ ಪುಸ್ತಕದಾಗ ಬರ್ದದ. ನಮ್ಮ ಕಡೆಗೂ ಅದು ಲೆಕ್ಕಕ್ಕ ಬರ್ತದೇನು? ನಡುವ ಕರೆಂಟ್ ಹೋಗಿ ಬಂದ್ರ ಚಾರ್ಜರ್ ಏನು ಮಾಡ್ತದ? ಹೊಲದ ಮನ್ಯಾಗ ಟ್ರ್ಯಾಕ್ಟರ್‌ದು 88 ಎಎಚ್, ಆರು ಬಿರಡೆದು ಬ್ಯಾಟರಿ ಅದ, ಅದಕ್ಕೂ ಇದೇ ಚಾರ್ಜರ್ ನಡೀತದೇನು? ವಾರಕ್ಕ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡ್ತೀನಿ, ಚಾರ್ಜರ್ ಯಾಕ ಬೇಕು ಅಂತ ಭಾವಮೈದ ಅಂತಾನ. ಗೊತ್ತಿದ್ದವ್ರು ಹೇಳ್ರಿ.

ಕೆಎ34_ವೈರಿಂಗ್, ಬಳ್ಳಾರಿ

ಹಿಮದ ಗುರುತು ಒತ್ತಬೇಡಿ ಸರ್. ಅದನ್ನು ಕ್ಯಾಲೆಂಡರ್ ನೋಡಿ ಒತ್ತೋದಲ್ಲ, ಥರ್ಮಾಮೀಟರ್ ನೋಡಿ ಒತ್ತೋದು.

ಚಳಿ ದೇಶಗಳಲ್ಲಿ ಶೂನ್ಯದ ಆಸುಪಾಸಿನಲ್ಲಿ ಬ್ಯಾಟರಿ ಒಳಗಿನ ರಾಸಾಯನಿಕ ಕ್ರಿಯೆ ನಿಧಾನ. ಮಾಮೂಲಿ 14.4 ವೋಲ್ಟ್‌ಗೆ ಅದು ಪೂರ್ತಿ ತುಂಬೋದಿಲ್ಲ. ಅದಕ್ಕೇ ಹಿಮದ ಮೋಡ್‌ನಲ್ಲಿ 14.7ರ ತನಕ ಏರಿಸುತ್ತಾರೆ. ಅಲ್ಲಿ ಇನ್ನೊಂದು ಭಯವೂ ಇದೆ. ಖಾಲಿಯಾದ ಬ್ಯಾಟರಿಯ ಆಸಿಡ್ ಬರೀ ನೀರಿನ ಹತ್ತಿರ ಬಂದಿರುತ್ತೆ, ಮೈನಸ್ 10 ಡಿಗ್ರಿ ಹತ್ತಿರ ಹೆಪ್ಪುಗಟ್ಟಿ ಡಬ್ಬಿ ಸೀಳುತ್ತೆ. ಪೂರ್ತಿ ಚಾರ್ಜ್ ಇದ್ದರೆ ಮೈನಸ್ 50 ಆದರೂ ಏನೂ ಆಗಲ್ಲ. ಆ ಕಡೆಯವರು ಚಳಿಗಾಲ ಪೂರ್ತಿ ಚಾರ್ಜರ್ ಹಚ್ಚಿಡೋದು ಅದಕ್ಕೆ.

ರಾಯಚೂರಲ್ಲಿ ಡಿಸೆಂಬರ್ ಮಧ್ಯಾಹ್ನವೂ 30 ಡಿಗ್ರಿ ಹತ್ತಿರ. ತಗಡಿನ ಶೆಡ್ಡಿನೊಳಗೆ ಇನ್ನೂ ಜಾಸ್ತಿ. ಇಲ್ಲಿ ಲೆಕ್ಕ ಉಲ್ಟಾ ಆಗುತ್ತೆ. ಚಾರ್ಜರ್ ವೋಲ್ಟೇಜ್‌ಗಳನ್ನೆಲ್ಲ 25 ಡಿಗ್ರಿಗೆ ನಿಗದಿ ಮಾಡಿರುತ್ತಾರೆ. ಅದರ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಒಂದು ಸೆಲ್‌ಗೆ 3ರಿಂದ 4 ಮಿಲಿವೋಲ್ಟ್, ಆರು ಸೆಲ್ ಸೇರಿ ಸುಮಾರು 20 ಮಿಲಿವೋಲ್ಟ್ ಇಳಿಸಬೇಕು. 40 ಡಿಗ್ರಿಯಲ್ಲಿ 0.3 ವೋಲ್ಟ್ ಇಳಿಯಿತು. ಅಂದರೆ 14.4 ಇದ್ದದ್ದು 14.1 ಸಾಕು, ತುಂಬಿದ ಮೇಲೆ ಹಿಡಿದಿಡೋ ಫ್ಲೋಟ್ 13.6 ಇದ್ದದ್ದು 13.3 ಸಾಕು. ಅಂಥ ಕಡೆ 14.7 ಕೊಟ್ಟರೆ ಒಳಗೆ ನೀರು ಒಡೆದು ಗ್ಯಾಸ್ ಆಗಿ ಹೋಗುತ್ತೆ. ನಿಮ್ಮದು ಸೀಲ್ಡ್, ಹೋದ ನೀರು ವಾಪಸ್ ಹಾಕೋಕೆ ದಾರಿಯೇ ಇಲ್ಲ. ಜೊತೆಗೆ ಪ್ಲಸ್ ಪ್ಲೇಟಿನ ಜಾಲರಿ ತಿಂದು ಹೋಗುತ್ತೆ.

ಕಾರಿನ ಗುರುತು ಒತ್ತಿ, ಸಾಕು. ಚಾರ್ಜರ್‌ಗೆ ಟೆಂಪರೇಚರ್ ಸೆನ್ಸರ್ ಇದ್ದರೆ ವೋಲ್ಟೇಜ್ ಅದೇ ಇಳಿಸಿಕೊಳ್ಳುತ್ತೆ. ಇಲ್ಲದಿದ್ದರೂ 14.4ರಲ್ಲಿ ಇರೋದು ಸ್ವಲ್ಪ ಹೊತ್ತು, ಅದರಿಂದ ದೊಡ್ಡ ನಷ್ಟ ಇಲ್ಲ. ತಿಂಗಳುಗಟ್ಟಲೆ ಇರೋದು ಫ್ಲೋಟ್‌ನಲ್ಲಿ, ಅದು ಎಷ್ಟಿದೆ ಅಂತ ಹಸಿರು ಲೈಟ್ ಬಂದ ಮೇಲೆ ಮೀಟರ್ ಹಿಡಿದು ನೋಡಿ. 13.8ರ ಮೇಲೆ ಕೂತಿದ್ದರೆ ಆ ಚಾರ್ಜರ್ ನಮ್ಮ ಕಡೆ ಸದಾ ಹಚ್ಚಿಡೋಕೆ ಲಾಯಕ್ಕಿಲ್ಲ. ಪಾನಾ ಗುರುತು ರಿಪೇರಿ ಮೋಡ್. ಕೆಲವು ಚಾರ್ಜರ್‌ಗಳಲ್ಲಿ ಅದು 15.8 ತನಕ ಹೋಗುತ್ತೆ. ಬ್ಯಾಟರಿ ಕಾರಿಗೆ ಜೋಡಿಸಿದ್ದಾಗ ಅದನ್ನು ಮುಟ್ಟಲೇಬೇಡಿ, ಇಸಿಎಂ (ಎಂಜಿನ್ ಕಂಪ್ಯೂಟರ್), ಸ್ಟೀರಿಯೋ ಎಲ್ಲಕ್ಕೂ ಅಷ್ಟು ವೋಲ್ಟೇಜ್ ಹೋಗುತ್ತೆ.

ಈಗ ನೀವು ಕೇಳದೇ ಇರೋ ಪ್ರಶ್ನೆ: ಚಾರ್ಜರ್ ಹಚ್ಚಿಡೋದು ಬೇಕೇ ಬೇಕಾ? ಲೆಕ್ಕ ಹಾಕಿ. ನಿಂತ ಕಾರು ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್ ಎಳೀತಾ ಇರುತ್ತೆ. 25 ಅಂತಲೇ ಹಿಡಿಯಿರಿ. ದಿನಕ್ಕೆ 0.6 ಎಎಚ್, ತಿಂಗಳಿಗೆ 18. ನಿಮ್ಮ 35 ಎಎಚ್ ಬ್ಯಾಟರಿ ಒಂದೇ ತಿಂಗಳಲ್ಲಿ ಅರ್ಧ ಖಾಲಿ, ಎರಡನೇ ತಿಂಗಳ ಕೊನೆಗೆ ಸತ್ತ ಹಾಗೇ. ಅದೇ ಮೈನಸ್ ಬಿಚ್ಚಿಟ್ಟರೆ ಉಳಿಯೋದು ಬ್ಯಾಟರಿ ತಾನಾಗಿ ಇಳಿಯೋದು ಮಾತ್ರ. ಈಗಿನ ಕ್ಯಾಲ್ಸಿಯಂ (ಪ್ಲೇಟಿನ ಸೀಸಕ್ಕೆ ಕ್ಯಾಲ್ಸಿಯಂ ಬೆರೆಸಿದ) ಬ್ಯಾಟರಿಗೆ ಅದು 25 ಡಿಗ್ರಿಯಲ್ಲಿ ತಿಂಗಳಿಗೆ ಶೇ 3ರ ಸುತ್ತಮುತ್ತ, 10 ಡಿಗ್ರಿ ಏರಿದರೆ ಹೆಚ್ಚುಕಮ್ಮಿ ದುಪ್ಪಟ್ಟು. ಕೆಟ್ಟದ್ದೇ ಹಿಡಿದರೂ ನಿಮ್ಮ ಅವಧಿಗೆ 5-6 ಎಎಚ್ ಹೋದೀತು. ಮಾರ್ಚ್‌ನಲ್ಲಿ ಬಂದು ಜೋಡಿಸಿದರೆ ಸ್ಟಾರ್ಟ್ ಆಗುತ್ತೆ.

ಹಾಗಾಗಿ ನನ್ನ ಮಾತು: ಹೋಗೋ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಬೆಳಗ್ಗೆ ಮೈನಸ್ ಬಿಚ್ಚಿ, ಚಾರ್ಜರ್ ಒಳಗಿಟ್ಟು ಹೋಗಿ. ಅರ್ಧ ಇಳಿದ 35 ಎಎಚ್ ಬ್ಯಾಟರಿ ತುಂಬೋಕೆ 4 ಆಂಪ್‌ನಲ್ಲಿ ನಾಲ್ಕೈದು ಗಂಟೆ, ಕೊನೆಯ ಹಂತ ನಿಧಾನ ಅಂತ ಇನ್ನೊಂದು ಮೂರ್ನಾಲ್ಕು ಗಂಟೆ. ಬೀಗ ಹಾಕಿದ ಮನೆಯಲ್ಲಿ ತಿಂಗಳುಗಟ್ಟಲೆ ಪ್ಲಗ್ಗಿನಲ್ಲಿ ಒಂದು ಸಾಮಾನು ಬಿಟ್ಟು ಹೋಗೋದು ನನಗಂತೂ ಒಪ್ಪಿಗೆ ಇಲ್ಲ. ಚಾರ್ಜರ್ ಹಚ್ಚಿಡಲೇಬೇಕಾದ ಸಂದರ್ಭ ಎರಡು: ಟ್ರ್ಯಾಕರ್ ಬಂದ್ ಆಗಬಾರದು ಅಂತಿದ್ದರೆ, ಇಲ್ಲಾ ಗಾಡಿ ಮಾರ್ಚ್ ದಾಟಿ ಬೇಸಿಗೆಯಲ್ಲೂ ನಿಲ್ಲೋದಿದ್ದರೆ.

ಎಡದಂಡೆ, ಗಂಗಾವತಿ

ಬಳ್ಳಾರಿ ಅಣ್ಣಾರು ಹೇಳಿದ್ದು ಬರೋಬರಿ ಐತಿ. ಆದ್ರ ಟ್ರ್ಯಾಕರ್ ಚಾಲೂ ಇಡಬೇಕು ಅಂದ್ರ ಚಾರ್ಜರ್ ಬಿಟ್ಟು ಬ್ಯಾರೆ ದಾರಿ ಇಲ್ಲ, ಹಂಗಾಗಿ ಕರೆಂಟಿನ ಮಾತು ಹೇಳ್ತೀನಿ.

ಚಾರ್ಜರ್‌ದಾಗ ಎರಡು ಜಾತಿ. ಒಂದು ಕರೆಂಟ್ ಹೋಗಿ ಬಂದ ಮ್ಯಾಲ ಹಿಂದಿನ ಮೋಡ್ ನೆನಪಿಟ್ಕೊಂಡು ತಾನ ಚಾಲೂ ಆಗತೈತಿ. ಇನ್ನೊಂದು ಸ್ಟ್ಯಾಂಡ್‌ಬೈಗೆ ಹೋಗಿ ನೀವು ಬಂದು ಗುಂಡಿ ಒತ್ತೂ ತನಕ ಸುಮ್ನ ಕೂಡತೈತಿ. ಎರಡನೇದು ನಿಮಗ ಉಪಯೋಗಿಲ್ಲ, ಮೊದಲ ಸಲ ಕರೆಂಟ್ ಹೋದ ದಿನವೇ ಅದರ ಕೆಲಸ ಮುಗೀತು. ಪರೀಕ್ಷೆ ಸುಲಭ. ಕಾರಿನ ಮೋಡ್‌ನ್ಯಾಗ ಹಸಿರು ಬರೂ ತನಕ ಬಿಡ್ರಿ, ಗ್ವಾಡಿ ಸ್ವಿಚ್ ಬಂದ್ ಮಾಡ್ರಿ, ಐದು ನಿಮಿಷ ಬಿಟ್ಟು ಮತ್ತ ಹಾಕ್ರಿ. ಕಾರಿನ ಗುರುತಿನ ಲೈಟ್ ತಾನ ಹತ್ತಿದ್ರ ಪಾಸು.

ಪಾಸಾದ್ರೂ ಒಂದು ಕೊಕ್ಕಿ ಐತಿ. ಕರೆಂಟ್ ಬಂದಾಗೊಮ್ಮೆ ಕೆಲವು ಚಾರ್ಜರ್ ಮೊದಲಿನ ಹಂತದಿಂದ ಶುರು ಮಾಡ್ತಾವು, ಅಂದ್ರ ತುಂಬಿದ ಬ್ಯಾಟರಿಗೆ ಮತ್ತ 14.4. ಚಲೋ ಚಾರ್ಜರ್ ಆದ್ರ ಬ್ಯಾಟರಿ ತುಂಬೈತಿ ಅಂತ ತಿಳಕೊಂಡು ಬೇಗ ಕೆಳಗ ಇಳೀತೈತಿ. ಸಾದಾ ಚಾರ್ಜರ್ ಗಡಿಯಾರ ನೋಡಿ ತಾಸುಗಟ್ಟಲೆ ಅಲ್ಲೇ ನಿಂದ್ರತೈತಿ. ದಿನಕ್ಕ ನಾಕು ಸಲ ಕರೆಂಟ್ ಹೋಗೂ ಊರಾಗ ಅದು ನೀರು ಕುದಿಸಿದಂಗ. ಅಂಥದಕ್ಕ ವಾರದ ಟೈಮರ್ ಸಾಕೆಟ್ ಹಾಕಿ, ವಾರಕ್ಕೊಮ್ಮೆ ನಾಕೈದು ತಾಸು ಮಾತ್ರ ಕರೆಂಟ್ ಕೊಡ್ರಿ. ಮೆಕ್ಯಾನಿಕಲ್ ಟೈಮರ್ ಬ್ಯಾಡ. ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರನೂ ನಿಂತು ಹಿಂದ ಬೀಳತೈತಿ. ಒಳಗ ಸಣ್ಣ ಸೆಲ್ ಇರೂ ಡಿಜಿಟಲ್ ತಗೋರಿ.

ಎಲ್ಲಿ ಇಡಬೇಕು ಅಂದ್ರ, ಬ್ಯಾಟರಿ ಮ್ಯಾಲ ಅಲ್ಲ, ಎಂಜಿನ್ ಮ್ಯಾಲೂ ಅಲ್ಲ. ಗ್ವಾಡಿಗೆ ಮಳಿ ಹೊಡದು ತೂಗು ಹಾಕ್ರಿ, ಗಾಳಿ ಆಡಬೇಕು, ಬಿಸಿಲು ಬೀಳಬಾರದು. ಕಾರಿನ ಕವರ್ ಒಳಗ ಮುಚ್ಚಿಟ್ರ ಅದು ಕಾದು ಕರೆಂಟ್ ಕಮ್ಮಿ ಮಾಡ್ಕೋತೈತಿ, ಇಲ್ಲಾ ಬಂದ್ ಆಗತೈತಿ. ಮೊಸಳಿ ಕ್ಲಿಪ್ ತಿಂಗಳುಗಟ್ಟಲೆ ನಂಬಬ್ಯಾಡ್ರಿ, ಸರೀತಾವು. ಚಾರ್ಜರ್ ಜೋಡಿ ರಿಂಗ್ ಇರೂ ತುಂಡು ವೈರ್ ಬಂದಿರತೈತಿ, ಅದನ್ನ ಬ್ಯಾಟರಿ ನಟ್ಟಿನ ಕೆಳಗ ಬಿಗೀರಿ. ಪ್ಲಸ್ ವೈರ್‌ನ್ಯಾಗ ಬ್ಯಾಟರಿ ಹತ್ರನ 7.5 ಇಲ್ಲಾ 10 ಆಂಪ್ ಫ್ಯೂಸ್ ಇರಬೇಕು. ಬಾನೆಟ್ ಮುಚ್ಚಿದಾಗ ವೈರ್ ಜಜ್ಜಿ ಹೋಗದಂಗ ರಬ್ಬರ್ ಬೀಡಿಂಗ್ ಇರೂ ಕಡಿಂದ ಹೊರಗ ತರ್ರಿ. ಮೊದಲ ಬ್ಯಾಟರಿಗೆ ಜೋಡಿಸಿ ಆಮ್ಯಾಲ ಗ್ವಾಡಿ ಸ್ವಿಚ್. ತೆಗಿಯೂ ಮುಂದ ಉಲ್ಟಾ, ಮೊದಲ ಸ್ವಿಚ್ ಬಂದ್. ಚಾರ್ಜ್ ಆಗೂ ಬ್ಯಾಟರಿಯಿಂದ ಹೈಡ್ರೋಜನ್ ಬರತೈತಿ, ಅದರ ಮುಂದ ಕಿಡಿ ಹಾರಬಾರದು.

ನಿಮ್ಮ ಭಾವಮೈದುನರ ಲೆಕ್ಕ ನೋಡೂಣು. ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಸ್ಲೋ (ಐಡಲ್) ಓಡಿಸಿದ್ರ, ಬ್ಯಾಟರಿ 6 ಆಂಪ್ ತಗೊಂಡ್ರೂ ಬರೂದು 1 ಎಎಚ್. ವಾರದಾಗ 25 ಮಿಲಿಆಂಪ್ ಲೆಕ್ಕಕ್ಕ ಹೋಗೂದು 4.2 ಎಎಚ್. ವಾರಕ್ಕ 3 ಎಎಚ್ ಲುಕ್ಸಾನು. ಮ್ಯಾಲ ಎಂಜಿನ್ ಪೂರ್ತಿ ಕಾಯೂದಿಲ್ಲ, ಸೈಲೆನ್ಸರ್‌ದಾಗ ನೀರು ನಿಂತು ತುಕ್ಕು, ಆಯಿಲ್‌ದಾಗ ಆವಿ. ಬರೂದಿದ್ರ ಹದಿನೈದು ದಿನಕ್ಕೊಮ್ಮೆ ಎಸಿ ಬಂದ್ ಇಟ್ಟು ಶಕ್ತಿನಗರ ತನಕ ಹೋಗಿ ಬರ್ಲಿ. ಟೈರ್‌ಗೂ ಚಲೋ. ಶೆಡ್ಡಿನ ಬಾಗಿಲ ಹಾಕ್ಕೊಂಡು ಒಳಗ ಎಂಜಿನ್ ಓಡಿಸೂದಂತೂ ಬ್ಯಾಡೇ ಬ್ಯಾಡ, ಆ ಹೊಗಿ ಜೀವಕ್ಕ ಕುತ್ತು.

ಟ್ರ್ಯಾಕ್ಟರ್‌ದು ಸರಳ. ಹಳೇ ನಮೂನಿ ಟ್ರ್ಯಾಕ್ಟರ್ ನಿಂತಾಗ ಕರೆಂಟ್ ಎಳಿಯೂದು ಇಲ್ಲ ಅಂದ್ರೂ ನಡೀತೈತಿ. ಆದ್ರೂ ಮೈನಸ್ ಬಿಚ್ಚಿ ಇಡ್ರಿ. ಆದ್ರ ಬಿರಡೆ ಇರೂ ಬ್ಯಾಟರಿ ಸೀಲ್ಡ್‌ಗಿಂತ ಜೋರಾಗಿ ತಾನ ಇಳೀತೈತಿ, ಒಂದೂವರಿ ತಿಂಗಳಿಗೊಮ್ಮೆ ಚಾರ್ಜ್ ಕೊಡಬೇಕು. ನಿಮ್ಮ 4 ಆಂಪ್‌ದು ನಡೀತೈತಿ, ಅರ್ಧ ಇಳಿದಿದ್ರ 11 ತಾಸು ಮ್ಯಾಲ ಕೊನೀ ಹಂತ, ಒಂದು ದಿನ ಅನ್ರಿ. ಚಾರ್ಜರ್ ಡಬ್ಬಿ ಮ್ಯಾಲ ಎಷ್ಟು ಎಎಚ್ ತನಕ ಅಂತ ಬರದಿರತೈತಿ, ಅದೊಂದು ನೋಡ್ಕೋರಿ. ಅಂಗಡ್ಯಾಗ ಹಾಕಿಸಿದ್ರ 8-9 ಆಂಪ್‌ಗಿಂತ ಮ್ಯಾಲ ಇಡಬ್ಯಾಡ ಅಂತ ಹೇಳ್ರಿ. ಹತ್ತನೇ ಒಂದು ಭಾಗ ಅನ್ನೂ ಹಳೇ ಲೆಕ್ಕ ಈಗೂ ಸರಿ ಐತಿ. ಲಗೂ ಕೊಡಾಕ ಅವ್ರು 20 ಆಂಪ್ ಬಿಡ್ತಾರ, ಪ್ಲೇಟ್ ಬಿಸಿ ಆಗಿ ಪುಡಿ ಉದರತೈತಿ.

ನೀರು ಚಾರ್ಜ್ ಆದ ಮ್ಯಾಲ ಹಾಕೂದು, ಮೊದಲ ಅಲ್ಲ. ಚಾರ್ಜ್ ಆಗೂ ಮುಂದ ಮಟ್ಟ ಏರತೈತಿ, ಮೊದಲ ತುಂಬಿದ್ರ ಉಕ್ಕಿ ಆಸಿಡ್ ಟ್ರೇ ತುಂಬ ಹರೀತೈತಿ. ಪ್ಲೇಟ್ ಬರಿ ಕಾಣಾಕತ್ತಿದ್ರ ಅಷ್ಟು ಮುಳುಗೂವಷ್ಟು ಮಾತ್ರ ಮೊದಲ ಹಾಕ್ರಿ. ಡಿಸ್ಟಿಲ್ಡ್ ವಾಟರ್ ಒಂದ. ಆರ್‌ಒ ನೀರು, ನಳದ ನೀರು, ಮಳಿ ನೀರು ಯಾವುದೂ ಬ್ಯಾಡ. ಆಸಿಡ್ ಅಂತೂ ಹಾಕೂದ ಅಲ್ಲ. ಆವಿಯಾಗಿ ಹೋಗೂದು ನೀರು, ಆಸಿಡ್ ಒಳಗ ಉಳಿದಿರತೈತಿ. ಬಿರಡೆ ತೂತಿನ್ಯಾಗ ಕೆಸರು ಕಟ್ಟಿದ್ರ ಸೂಜಿಲೆ ಬಿಡಿಸ್ರಿ, ಗ್ಯಾಸ್ ಹೋಗಾಕ ದಾರಿ ಬೇಕು.

ಹಳೇ_ಪಾನಾ, ಕೊಪ್ಪಳ

ಒಂದು ಸಣ್ಣ ಮಾತು. ಬ್ಯಾಟರಿ ಬಿಚ್ಚಿ ಸಿಮೆಂಟ್ ನೆಲದ ಮ್ಯಾಲ ಇಟ್ರ ಇಳೀತೈತಿ, ಹಲಗಿ ಮ್ಯಾಲ ಇಡ್ರಿ ಅಂತ ಯಾರರ ಹೇಳೇ ಹೇಳ್ತಾರ. ಮರದ ಪೆಟ್ಟಿಗಿ, ರಬ್ಬರ್ ಡಬ್ಬಿ ಬ್ಯಾಟರಿ ಕಾಲದ ಮಾತದು. ಈಗಿನ ಪಾಲಿಪ್ರೊಪಿಲಿನ್ ಡಬ್ಬಿಗೆ ನೆಲ ಯಾವುದಾದ್ರೂ ಅಷ್ಟ. ತಂಪಿರೂ ಜಾಗ ನೋಡ್ರಿ. ತಗಡಿನ ಶೆಡ್ಡಿಗಿಂತ ಮನಿ ಒಳಗಿನ ಸಿಮೆಂಟ್ ನೆಲಾನ ಬೇಸಿ.

ಕೆಎ36_ಸವಾರ, ರಾಯಚೂರು

ಭಾಳ ಉಪಕಾರ ಆತು. ಚಾರ್ಜರ್ ನೆನಪಿನ ಪರೀಕ್ಷೆ ಪಾಸು, ಫ್ಲೋಟ್ 13.5 ತೋರಿಸ್ತದ. ಆದ್ರ ಗಾಡಿ ಎಳಿಯೋ ಕರೆಂಟ್ ಜಾಸ್ತಿ ಅನಸ್ತದ. ಕೀ ತೆಗೆದು ಅರ್ಧ ತಾಸು ಬಿಟ್ಟು ನೋಡಿದ್ರ 62 ಮಿಲಿಆಂಪ್. ಟ್ರ್ಯಾಕರ್ ಇಷ್ಟು ತಿಂತದೇನು? ರಾತ್ರಿ ನಿಂತ ಮ್ಯಾಲ ಬೆಳಿಗ್ಗೆ ವೋಲ್ಟೇಜ್ 12.38.

ಕೆಎ34_ವೈರಿಂಗ್, ಬಳ್ಳಾರಿ

12.38 ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಚಾರ್ಜ್. ರಾತ್ರಿಯೆಲ್ಲ ನಿಂತ ಬ್ಯಾಟರಿಗೆ 12.6-12.7 ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು. ಮುಕ್ಕಾಲಿನ ಕೆಳಗೆ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಎಂಥ ಚಾರ್ಜರ್ ಹಾಕಿದರೂ ಪೂರ್ತಿ ಬಿಡಿಸೋಕೆ ಆಗಲ್ಲ.

62 ಜಾಸ್ತಿಯೇ. ದಿನಕ್ಕೆ ಒಂದೂವರೆ ಎಎಚ್, ಹನ್ನೆರಡು ದಿನಕ್ಕೆ ಅರ್ಧ ಬ್ಯಾಟರಿ. ಮೊದಲು ಅಳತೆ ಸರಿಯಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಟರ್ಮಿನಲ್ ಬಿಚ್ಚಿ ಮೀಟರ್ ಹಚ್ಚಿದ ಕೂಡಲೇ ಕಾರಿನ ಕಂಪ್ಯೂಟರ್‌ಗಳೆಲ್ಲ ಹೊಸದಾಗಿ ಎದ್ದು ಕೂತಿರುತ್ತವೆ. ಅದಕ್ಕೆ ಮೀಟರ್‌ನ ಒಂದು ವೈರ್ ಮೈನಸ್ ಕಂಬಕ್ಕೆ, ಇನ್ನೊಂದು ಮೈನಸ್ ಕ್ಲ್ಯಾಂಪಿಗೆ ಮೊದಲೇ ಕ್ಲಿಪ್ ಹಾಕಿ, ಆಮೇಲೆ ಕ್ಲ್ಯಾಂಪ್ ಮೆಲ್ಲಗೆ ಎತ್ತಿ. ಸಂಪರ್ಕ ಒಂದು ಕ್ಷಣವೂ ತಪ್ಪಲ್ಲ. 10 ಆಂಪ್ ಸಾಕೆಟ್ ಬಳಸಿ. ಮೀಟರ್ ಹಾಗೆ ಇರುವಾಗ ಕೀ ತಿರುಗಿಸಬೇಡಿ, ಬಾಗಿಲು ತೆಗೆಯಬೇಡಿ. ಸೆಲ್ಫ್ ಹೊಡೆದರೆ ಮೀಟರ್ ಫ್ಯೂಸ್ ಆ ಗಳಿಗೆಗೇ ಹೋಗುತ್ತೆ.

ಹೀಗೆ ಅಳೆದರೂ 62 ಬಂತು ಅನ್ನಿ. ಆಗ ಫ್ಯೂಸ್ ಒಂದೊಂದೇ ಕಿತ್ತು ನೋಡೋದು ಹಳೇ ಪದ್ಧತಿ, ಆದರೆ ಕಿತ್ತು ಹಾಕಿದಾಗೆಲ್ಲ ಯಾವುದೋ ಮಾಡ್ಯೂಲ್ ಎದ್ದುಬಿಡುತ್ತೆ. ಅದಕ್ಕಿಂತ ಫ್ಯೂಸ್ ಜಾಗದಲ್ಲೇ ಇದ್ದ ಹಾಗೆ ಅಳೆಯಿರಿ. ಬ್ಲೇಡ್ ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಕಾಣುತ್ತಲ್ಲ, ಅವೆರಡಕ್ಕೆ ಮೀಟರ್ ಮೊನೆ ಇಟ್ಟು 200 ಮಿಲಿವೋಲ್ಟ್ ರೇಂಜಿನಲ್ಲಿ ನೋಡಿ. ಸೊನ್ನೆ ಬಂದರೆ ಆ ದಾರಿಯಲ್ಲಿ ಲೆಕ್ಕಕ್ಕೆ ಬರುವಷ್ಟು ಕರೆಂಟ್ ಇಲ್ಲ. 10 ಆಂಪ್ ಫ್ಯೂಸ್ ಮೇಲೆ 0.3 ಮಿಲಿವೋಲ್ಟ್ ಬಂದರೆ ಸುಮಾರು 40 ಮಿಲಿಆಂಪ್ ಹೋಗ್ತಿದೆ ಅಂತ. ಫ್ಯೂಸ್ ಬಾಕ್ಸ್ ಡ್ಯಾಶ್ ಕೆಳಗಿದ್ದರೆ ಬಾಗಿಲು ತೆರೆದಿರಬೇಕಾಗುತ್ತೆ. ಅಳತೆ ಶುರು ಮಾಡುವ ಮುಂಚೆಯೇ ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಕೊಳ್ಳೋ ಹಾಗೆ ಮಾಡಿ, ಬಾಗಿಲು ಹಾಕಿದೆ ಅಂತ ಗಾಡಿ ಅಂದುಕೊಳ್ಳುತ್ತೆ. ವಾಪಸ್ ಬಾಗಿಲು ಹಾಕೋ ಮುಂಚೆ ಹ್ಯಾಂಡಲ್ ಎಳೆದು ಲ್ಯಾಚ್ ಬಿಡಿಸೋದು ಮರೀಬೇಡಿ.

ನನ್ನ ಅನುಮಾನ ಟ್ರ್ಯಾಕರ್‌ಗಿಂತ ಸ್ಟೀರಿಯೋ ಮೇಲೆ. ಹೊರಗಿನ ಸ್ಟೀರಿಯೋಗೆ ಹಳದಿ ವೈರ್ ಸದಾ ಬ್ಯಾಟರಿ, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಕೀ ಇಲ್ಲದೆಯೂ ಹಾಡು ಕೇಳಬೇಕು ಅಂತ ಹೇಳಿದರೆ ಅಂಗಡಿಯಲ್ಲಿ ಎರಡನ್ನೂ ಒಂದಕ್ಕೇ ತಿರುಚಿ ಟೇಪ್ ಸುತ್ತಿ ಬಿಡುತ್ತಾರೆ. ಹಾಗಾದರೆ ಸೆಟ್ ಪೂರ್ತಿ ಮಲಗೋದೇ ಇಲ್ಲ. ಸ್ಟೀರಿಯೋ ಹೊರಗೆಳೆದು ಹಿಂದೆ ನೋಡಿ, ಒಂದೇ ಗಂಟಿನಲ್ಲಿ ಕೆಂಪು, ಹಳದಿ ಎರಡೂ ಇದ್ದರೆ ಕಳ್ಳ ಸಿಕ್ಕ. ಕೆಂಪನ್ನು ಆಕ್ಸೆಸರಿ ಲೈನಿಗೆ ಹಾಕಿಸಿ.

ಕೆಂಧೂಳಿ, ತೋರಣಗಲ್ಲು

ಮೇಲೆ ಬಂದ ವಿಷಯಕ್ಕೆ ಕೆಲವು ಸೇರ್ಪಡೆ. ಅದಿರಿನ ಲಾರಿ ಓಡಾಡುವ ಕಡೆ ಇರುವವರು ಬ್ಯಾಟರಿಯ ತಲೆಯನ್ನು ಮೊದಲು ನೋಡಬೇಕು. ಒಣ ಧೂಳು ಏನೂ ಮಾಡುವುದಿಲ್ಲ. ಆಸಿಡ್ ಆವಿಯ ತೇವ ಅದಕ್ಕೆ ಸೇರಿ ಅಂಟು ಪದರ ಆದರೆ ಪ್ಲಸ್ಸಿನಿಂದ ಮೈನಸ್ಸಿಗೆ ಮೇಲ್ಭಾಗದಲ್ಲೇ ಸಣ್ಣ ಕರೆಂಟ್ ಹರಿಯುತ್ತದೆ. ಟರ್ಮಿನಲ್ ಬಿಚ್ಚಿಟ್ಟರೂ ಈ ಸೋರಿಕೆ ನಿಲ್ಲುವುದಿಲ್ಲ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕಪ್ಪು ಮೊನೆಯನ್ನು ಮೈನಸ್ ಕಂಬಕ್ಕೆ, ಕೆಂಪು ಮೊನೆಯನ್ನು ಬರೀ ಪ್ಲಾಸ್ಟಿಕ್ ಮೇಲೆ ಒತ್ತಿ ಪ್ಲಸ್ ಕಡೆಗೆ ಸರಿಸುತ್ತ ಹೋಗಿ. ಸ್ವಚ್ಛ ಬ್ಯಾಟರಿಯಲ್ಲಿ ಏನೂ ತೋರಿಸುವುದಿಲ್ಲ. ಕೊಳೆಯಾದದ್ದರಲ್ಲಿ ಪ್ಲಸ್ ಹತ್ತಿರ ಹೋದಂತೆ ವೋಲ್ಟೇಜ್ ಏರುತ್ತದೆ.

ತೊಳೆಯಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಸಾಕು. ಬಿರಡೆಯ ಬ್ಯಾಟರಿಯಾದರೆ ತೂತುಗಳಿಗೆ ಟೇಪ್ ಹಚ್ಚಿಕೊಳ್ಳಿ, ಸೋಡಾ ಒಳಗೆ ಬಿದ್ದರೆ ಆಸಿಡ್ ಕೆಟ್ಟುಹೋಗುತ್ತದೆ. ನೊರೆ ಬರುವುದು ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ಟರ್ಮಿನಲ್ ಬಿಗಿದ ಬಳಿಕ ವ್ಯಾಸಲಿನ್ ಸವರಿ. ಮೊದಲೇ ಒಳಗೆ ಹಚ್ಚಿ ಬಿಗಿಯುವ ಅಗತ್ಯವಿಲ್ಲ. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೆಯದು, ಹಸಿರು ಲೈಟನ್ನು ಪೂರ್ತಿ ನಂಬಬಾರದು. ಚಾರ್ಜರ್ ಜೋಡಿಸಿದ್ದಷ್ಟು ಕಾಲ ಸಾಯುತ್ತಿರುವ ಬ್ಯಾಟರಿಯೂ 13.5 ತೋರಿಸುತ್ತದೆ. ನಿಜ ತಿಳಿಯಬೇಕಾದರೆ ಚಾರ್ಜರ್ ತೆಗೆದು, ಟರ್ಮಿನಲ್ ಬಿಚ್ಚಿ, ಒಂದು ದಿನ ಬಿಟ್ಟು ಅಳೆಯಿರಿ. 12.6 ಇದ್ದದ್ದು ಒಂದೇ ದಿನದಲ್ಲಿ 12.4ಕ್ಕೆ ಇಳಿದರೆ ಸಮಸ್ಯೆ ಒಳಗಿದೆ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೂ ಅದೇ ಅರ್ಥ. ಟ್ರ್ಯಾಕ್ಟರ್ ಬ್ಯಾಟರಿಯಲ್ಲಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ಪೂರ್ತಿ ಚಾರ್ಜ್ ಆದ ಮೇಲೆ ಐದು ಸೆಲ್ 1.250 ತೋರಿಸಿ ಒಂದು 1.190ರಲ್ಲಿ ನಿಂತಿದ್ದರೆ ಆ ಸೆಲ್ ಮುಗಿದಿದೆ, ಅದಕ್ಕೆ ಚಾರ್ಜರ್ ಹಚ್ಚಿಟ್ಟು ಫಲವಿಲ್ಲ. ಅಂಥ ಬ್ಯಾಟರಿಯಲ್ಲಿ ಚಾರ್ಜರಿನ ವೋಲ್ಟೇಜೆಲ್ಲ ಉಳಿದ ಐದು ಸೆಲ್‌ಗಳ ಮೇಲೆ ಬಿದ್ದು ಅವೂ ಕುದಿಯುತ್ತವೆ. ಡಬ್ಬಿ ಬಿಸಿಯಾಗಿದ್ದರೆ, ಪಕ್ಕ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೂಡಲೇ ಗೋಡೆಯ ಸ್ವಿಚ್ ಬಂದ್ ಮಾಡಿ ದೂರ ನಿಲ್ಲಿ.

ಇದನ್ನು ಓದುವ ಬೇರೆಯವರಿಗೆ: ಸಿಗ್ನಲ್ಲಿನಲ್ಲಿ ತಾನೇ ಬಂದ್ ಆಗಿ ಶುರುವಾಗುವ ಕಾರುಗಳ ಮೈನಸ್ ಟರ್ಮಿನಲ್ ಮೇಲೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅಲ್ಲಿ ಚಾರ್ಜರ್ ಮೈನಸ್ಸನ್ನು ಬ್ಯಾಟರಿ ಕಂಬಕ್ಕೆ ಹಾಕದೆ ಬಾಡಿಯ ಅರ್ತ್ ಬೋಲ್ಟಿಗೆ ಹಾಕಿ. ಕಂಬಕ್ಕೆ ಹಾಕಿದರೆ ಹೋದ ಚಾರ್ಜ್ ಸೆನ್ಸರಿನ ಎಣಿಕೆಗೆ ಸಿಗುವುದಿಲ್ಲ, ಬ್ಯಾಟರಿ ಇನ್ನೂ ಖಾಲಿ ಇದೆ ಎಂದೇ ಕಾರು ತಿಳಿಯುತ್ತದೆ. ಅವುಗಳಲ್ಲಿ ಎಜಿಎಂ (ಗಾಜಿನ ನಾರಿನ ಹಾಸಿನಲ್ಲಿ ಆಸಿಡ್ ಹೀರಿಸಿಟ್ಟ ಸೀಲ್ಡ್ ಮಾದರಿ) ಬ್ಯಾಟರಿ ಇದ್ದರೆ ಹಿಮದ ಮೋಡಿನ 14.7 ಹೊಂದುತ್ತದೆ, ಬೇಸಿಗೆಯಲ್ಲಿ ಅದಕ್ಕೂ ಸಾದಾ ಮೋಡೇ ವಾಸಿ. ಟಿಪ್ಪರ್, ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್. ನಡುವಿನ ಜೋಡಿ ವೈರ್ ಬಿಚ್ಚಿ ಒಂದೊಂದಕ್ಕೂ ಬೇರೆ ಬೇರೆ ಚಾರ್ಜ್ ಮಾಡಿ. ಒಂದಕ್ಕೆ ಮಾತ್ರ ಹಚ್ಚಿ ಬಿಟ್ಟರೆ ಅದು ತುಂಬಿ ಇನ್ನೊಂದು ಹಸಿದಿರುತ್ತದೆ, ಆ ಜೋಡಿ ಬೇಗ ಹಾಳು.

ಕೆಎ36_ಸವಾರ, ರಾಯಚೂರು

ಸ್ಟೀರಿಯೋ ಹಿಂದ ಕೆಂಪು, ಹಳದಿ ಒಂದೇ ಗಂಟು! ಬಿಡಿಸಿ ಹಾಕಿಸಿದ ಮ್ಯಾಲ 19 ಮಿಲಿಆಂಪ್. ಟ್ರ್ಯಾಕರ್ ಇಲ್ಲದಿದ್ರೂ ನಡೀತದ, ಮೈನಸ್ ಬಿಚ್ಚೇ ಹೋಗ್ತೀನಿ. ಕೊನೀ ಪ್ರಶ್ನೆ: ಬಿಚ್ಚಿದ ಮ್ಯಾಲ ಸೆಂಟ್ರಲ್ ಲಾಕ್ ನಡಿಯಂಗಿಲ್ಲಲ್ಲ, ಬಾನೆಟ್ ತೆಗೆಯೋ ಹಿಡಿಕಿ ಕಾರಿನ ಒಳಗ ಅದ. ಯಾವ ಕ್ರಮದಾಗ ಮಾಡಬೇಕು?

ಎಡದಂಡೆ, ಗಂಗಾವತಿ

ಮೊದಲ ಕಿಟಕಿ ಗಾಜು ಪೂರ್ತಿ ಏರಿಸ್ರಿ, ಡಿಕ್ಕಿಯಾಗಿನ ಸಾಮಾನು ತೆಗೀರಿ. ಕರೆಂಟ್ ಗುಂಡಿಲೆ ತೆಗಿಯೂ ಡಿಕ್ಕಿ ಆದ್ರ ಆಮ್ಯಾಲ ತೆರಿಯೂದಿಲ್ಲ. ಬಾನೆಟ್ ಎತ್ತಿ ಕೋಲು ಕೊಡ್ರಿ. ರಿಮೋಟ್‌ಲೆ ಎಲ್ಲಾ ಬಾಗಿಲ ಲಾಕ್ ಮಾಡ್ರಿ, ಡ್ರೈವರ್ ಬಾಗಿಲ ಕೀ ಹಾಕಿ ಒಮ್ಮೆ ತೆಗದು ಮತ್ತ ಲಾಕ್ ಮಾಡಿ ನೋಡ್ರಿ. ಇದನ್ನ ಬಿಡಬ್ಯಾಡ್ರಿ. ರಿಮೋಟ್ ಬಂದ ಮ್ಯಾಲ ಆ ಕೀ ತೂತು ಯಾರೂ ಮುಟ್ಟಿರೂದಿಲ್ಲ, ಧೂಳು ಕೂತು ತಿರಗೂದಿಲ್ಲ. ಬಿಗಿ ಇದ್ರ ಗ್ರಾಫೈಟ್ ಪುಡಿ ಹಾಕ್ರಿ. ತಿರಗಿತು ಅಂತ ಖಾತ್ರಿ ಆದ ಮ್ಯಾಲ 10 ನಂಬರ್ ಪಾನಾಲೆ ಮೈನಸ್ ಸಡಿಲ ಮಾಡಿ ಎತ್ರಿ. ಮೈನಸ್ ಯಾಕ ಮೊದಲ ಅಂದ್ರ, ಪ್ಲಸ್ ಬಿಚ್ಚೂ ಮುಂದ ಪಾನಾ ಬಾಡಿಗೆ ತಾಗಿದ್ರ ನೇರ ಶಾರ್ಟ್, ಪಾನಾ ಅಲ್ಲೇ ಬೆಸುಗಿ ಆಗಿಬಿಡತೈತಿ. ಎತ್ತಿದ ಕ್ಲ್ಯಾಂಪಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ತೊಡಿಸಿ ಪಕ್ಕಕ್ಕ ಕಟ್ರಿ, ಆ ಗಟ್ಟಿ ವೈರ್ ಸ್ಪ್ರಿಂಗ್ ಹಂಗ ವಾಪಸ್ ಬರತೈತಿ. ಬಾನೆಟ್ ಹಾಕ್ರಿ, ಕೀ ಕಿಸೆದಾಗ.

ಬಂದ ಮ್ಯಾಲ ಕೀಲೆ ಬಾಗಿಲ ತೆಗದು ಬಾನೆಟ್ ಎತ್ತಿ, ಜೋಡಿಸೂಕಿಂತ ಮೊದಲ ವೋಲ್ಟೇಜ್ ನೋಡ್ರಿ. 12.4 ಮ್ಯಾಲಿದ್ರ ಜೋಡಿಸಿ ಸೆಲ್ಫ್ ಹೊಡೀರಿ. 12.2 ಕೆಳಗಿದ್ರ ಚಾರ್ಜರ್ ಹಾಕಿ ತುಂಬಿದ ಮ್ಯಾಲ. ಕ್ಲ್ಯಾಂಪ್ ಕೈಲೆ ತಿರುವಿದ್ರ ಅಲಗಾಡಬಾರದು. ಗಡಿಯಾರ ಸೊನ್ನಿಗೆ ಹೋಗಿರತೈತಿ, ಕಿಟಕಿ ಆಟೋ ಏರೂದು ಕೆಲವು ಗಾಡ್ಯಾಗ ಮತ್ತ ಕಲಿಸಬೇಕಾಗತೈತಿ, ಸ್ಲೋ ಸ್ವಲ್ಪ ಹೊತ್ತು ಏರು-ಪೇರು ಆಗಬಹುದು, ಅದಕ್ಕ ಗಾಬರಿ ಬ್ಯಾಡ. ಬಾನೆಟ್ ತೆಗದಾಗ ಏರ್ ಫಿಲ್ಟರ್ ಡಬ್ಬಿನೂ ಒಮ್ಮೆ ಬಿಚ್ಚಿ ನೋಡೇ ಸೆಲ್ಫ್ ಹೊಡೀರಿ. ಭತ್ತದ ಸುಗ್ಗಿ ಮುಗಿದ ಮ್ಯಾಲ ಇಲಿ ಊರೊಳಗ ಬರ್ತಾವು, ಆ ಡಬ್ಬಿಯಾಗ ಹುಲ್ಲು ತುಂಬಿ ಗೂಡು ಕಟ್ಟೂದು ಅವಕ್ಕ ಭಾಳ ಸೇರ್ತೈತಿ.